ಮತದ ಹಕ್ಕಿಗೂ ಬೀದಿಗಿಳಿಯಬೇಕಿತ್ತು



ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಚುನಾವಣೆ ನಡೆಯದೆ ವರ್ಷಗಟ್ಟಲೆ ಬೆಂಗಳೂರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಇದಕ್ಕೆ ಅಧಿಕಾರದಲ್ಲಿದ್ದ ಪಕ್ಷಗಳೆಲ್ಲ ಹೊಣೆ. ಕೇಳದೆ ಕೂತ ನಾವೂ ಹೊಣೆ.

ನಮ್ಮ ಬೀದಿಯಲ್ಲಿ ಒಳಚರಂಡಿಗೆಂದು ಅಗೆದ ಗುಂಡಿಯಲ್ಲಿ ಎಚ್ಚರಿಕೆಗೆಂದು ಯಾರೋ ಹೊಂಗೆ ಟೊಂಗೆ ನೆಟ್ಟಿದ್ದಾರೆ. ಟೀ ಅಂಗಡಿ ಮುಂದೆ ರಾಜಕಾರಣಿಗಳಿಗೆ ಹಿಡಿಶಾಪ ಹಾಕುವವರೆಲ್ಲ ಆ ಗುಂಡಿಯನ್ನು ಸುತ್ತಿಬಳಸಿಯೇ ಓಡಾಡುತ್ತಾರೆ. ಮನವಿ ಕೊಡೋಣ ಬನ್ನಿ ಎಂದರೆ ಯಾರಿಗೂ ಪುರಸೊತ್ತಿಲ್ಲ.

ಇದೇ ಊರಿನ ಸಾವಿರಾರು ಜನ 2016ರ ಅಕ್ಟೋಬರ್‌ನಲ್ಲಿ ಮರಗಳನ್ನು ಬಲಿ ಪಡೆಯಲಿದ್ದ ಉಕ್ಕಿನ ಮೇಲ್ಸೇತುವೆ ಬೇಡವೆಂದು ಕೈಕೈ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಮರಗಳಿಗಾಗಿ ಬಂದವರು ಮತದ ಹಕ್ಕಿಗಾಗಿ ಯಾಕೆ ಬರಲಿಲ್ಲ? ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿದ 2021ರ ಆದೇಶ ತಪ್ಪೇ. ಆದರೆ ಅಲ್ಲಿಗಾದರೂ ನಾವು ಹೋಗಲಿಲ್ಲವಲ್ಲ!

–ನೊಂದ ಮತದಾರ, ಬೆಂಗಳೂರು