ಜೇಬಿನಲ್ಲಿ ಚಾಕು ಇದ್ದರೆ ಹಲ್ಲಿಗೇಕೆ ಕೆಲಸ?

ಹೋದ ವರ್ಷ ತೊಗರಿ ಹೂ ಬಿಡುವ ಕಾಲ. ಕಾಯಿಕೊರಕ ಹುಳುವಿನ ಹತೋಟಿಗೆ ಸಿಂಪರಣೆ ಹೇಗೆ ಮಾಡಬೇಕೆಂದು ತೋರಿಸಲು ಒಂದು ಹೊಲಕ್ಕೆ ಹೋಗಿದ್ದೆ. ಪಂಪು, ನೀರು, ಕೈಗವಸು, ಮೂಗಿಗೆ ಕಟ್ಟುವ ಬಟ್ಟೆ ಎಲ್ಲವೂ ಸಿದ್ಧವಾಗಿದ್ದವು. ಪೊಟ್ಟಣ ಒಡೆಯುವ ಹೊತ್ತಿಗೆ ಹೊಲದ ಯಜಮಾನರು ಅದರ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದುಬಿಟ್ಟರು. ನಾನು ಗಾಬರಿಯಿಂದ ತಡೆದಾಗ, 'ಏನು ಮಾಡಬೇಕ್ರಿ ಸಾಹೇಬ್ರ, ಕುಡಗೋಲು ಮನ್ಯಾಗ ಅದ' ಎಂದರು.

ಕೂಡಲೇ ಬಾಯಿ ಮುಕ್ಕಳಿಸಿ ಉಗುಳಿಸಿದ್ದಾಯಿತು. ಅನಾಹುತವೇನೂ ಆಗಲಿಲ್ಲ. ಆದರೆ ಅವರಿಗೆ ಬುದ್ಧಿ ಹೇಳುವ ಮುಖ ನನಗಿರಲಿಲ್ಲ. ಏಕೆಂದರೆ ನನ್ನ ಬಳಿಯೂ ಚಾಕು ಇರಲಿಲ್ಲ. ಕೃಷಿ ಪದವಿ ಓದುವಾಗ ಆಸೆಪಟ್ಟು ಕೊಂಡ ಚಾಕೊಂದು ಕಚೇರಿಯ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಎರಡು ಅಲಗು, ಗರಗಸ, ಕತ್ತರಿ, ಡಬ್ಬಿ ತೆರೆಯುವ ಕೊಕ್ಕೆ ಎಲ್ಲವೂ ಅದರಲ್ಲಿವೆ. ಜೇಬಿಗೆ ಹಾಕಿದರೆ ಭಾರಕ್ಕೆ ಜೇಬು ಜಗ್ಗುತ್ತದೆ. ಹೀಗಾಗಿ ಅದು ಖಾನೆ ಬಿಟ್ಟು ಹೊರಗೆ ಬಂದದ್ದೇ ಅಪರೂಪ.

ಆದ್ದರಿಂದ ರೈತ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ: ಹಗುರವಾದ, ಮಡಚುವ ಒಂದು ಸಣ್ಣ ಚಾಕನ್ನು ಕೊಂಡು ಸದಾ ಜೇಬಿನಲ್ಲಿಟ್ಟುಕೊಳ್ಳಿ. ಕುಡುಗೋಲು, ಮಚ್ಚು ಇರುವಾಗ ಇದೇಕೆ ಎಂದು ಕೆಲವರು ಕೇಳಬಹುದು. ಅವುಗಳ ಕೆಲಸ ಬೇರೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಟೊಮೆಟೊ ಗಿಡಕ್ಕೆ ಸುತಲಿ ಕಟ್ಟಲು, ಹನಿ ನೀರಾವರಿಯ ಪೈಪು ಕತ್ತರಿಸಲು, ಕರುವಿನ ಕೊರಳಿಗೆ ಸುತ್ತಿಕೊಂಡ ಹಗ್ಗವನ್ನು ತಕ್ಷಣ ಕೊಯ್ಯಲು ಕೈಗೆ ಸಿಗಬೇಕಾದದ್ದು ಸಣ್ಣ ಚಾಕು. ಬೆಳೆಯ ರೋಗ ತಿಳಿಯಲೂ ಅದು ಬೇಕು. ಬಾಡಿದ ತೊಗರಿ ಗಿಡದ ಕಾಂಡವನ್ನು ಸೀಳಿ ನೋಡಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಂಡರೆ ಅದು ಸೊರಗು ರೋಗದ ಗುರುತು. ಸೀಳಿ ನೋಡದೆ ಅಂಗಡಿಗೆ ಓಡಿ ಹುಳುವಿನ ಔಷಧಿ ತಂದು ಹೊಡೆದವರು ಹಣ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ.

ಕೊಳ್ಳುವಾಗ ಮೊದಲು ತೂಕ ನೋಡಿ. ನೂರು ಗ್ರಾಂ ಮೀರಿದರೆ ಅದು ನಾಲ್ಕನೆಯ ದಿನ ಮನೆಯ ಗೂಡಿನಲ್ಲಿ ಉಳಿಯುತ್ತದೆ. ಅಲಗು ಏಳೆಂಟು ಸೆಂಟಿಮೀಟರ್ ಇದ್ದರೆ ಸಾಕು. ಒಂದೇ ಅಲಗಿರಲಿ.

ಎರಡನೆಯದು, ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕ್ ಇರಲೇಬೇಕು. ಲಾಕ್ ಇಲ್ಲದ ಚಾಕಿನಿಂದ ಗಟ್ಟಿ ಕಾಂಡ ಸೀಳಲು ಹೋದರೆ ಅಲಗು ಬೆರಳಿನ ಮೇಲೆಯೇ ಮಡಚುತ್ತದೆ. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಮಡಚುವ ಚಾಕೊಂದನ್ನು ರೂಪಿಸಿದರು. 1955ರಲ್ಲಿ ಅದಕ್ಕೆ ತಿರುಗಿಸಿ ಬಿಗಿಮಾಡುವ ಉಕ್ಕಿನ ಬಳೆಯನ್ನು ಸೇರಿಸಲಾಯಿತು. ಹಳ್ಳಿಗರ ಜೇಬಿನ ಆ ಸರಳ ಚಾಕು ಇಂದಿಗೂ ತಯಾರಾಗುತ್ತಿದೆ. ಅದನ್ನೇ ತರಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅಂಥ ಭದ್ರತೆಯನ್ನು ಅಂಗಡಿಯವರಲ್ಲಿ ಕೇಳಿ ಪಡೆಯಿರಿ ಎನ್ನುತ್ತೇನೆ. ಅಲಗನ್ನು ತೆರೆದು, ಲಾಕ್ ಹಾಕಿ, ಅತ್ತಿತ್ತ ಅಲ್ಲಾಡಿಸಿ ನೋಡಿ. ಕೀಲು ಸಡಿಲವಿದ್ದರೆ ಬೇಡ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ರೈತನಿಗೆ ತಕ್ಕದ್ದಲ್ಲ. ಅದು ಜೇಬಿನಲ್ಲೇ ತೆರೆದುಕೊಂಡರೆ ತೊಡೆಗೆ ಗಾಯ.

ಮೂರನೆಯದು ಉಕ್ಕು. ಸಾದಾ ಇಂಗಾಲದ ಉಕ್ಕಿಗೆ ಸಾಣೆ ಸುಲಭವಾಗಿ ಹಿಡಿಯುತ್ತದೆ, ಆದರೆ ತುಕ್ಕೂ ಬೇಗ ಹಿಡಿಯುತ್ತದೆ. ಮಾವಿನ ಸೊನೆ, ಬಾಳೆಯ ರಸ ತಗುಲಿದರೆ ಕಪ್ಪಾಗುತ್ತದೆ. ಬಯಲುಸೀಮೆಯವರು ಒರೆಸಿ ಎಣ್ಣೆ ಸವರಿಟ್ಟುಕೊಂಡರೆ ಅದೇ ಒಳ್ಳೆಯದು. ಮಲೆನಾಡು, ಕರಾವಳಿಯ ಮಳೆಯಲ್ಲಿ ದುಡಿಯುವವರಿಗೆ ಸ್ಟೇನ್‌ಲೆಸ್ ಸ್ಟೀಲ್ ಅನುಕೂಲ. ಹಿಡಿಗೆ ಕೆಂಪು ದಾರವೊಂದನ್ನು ಕಟ್ಟಿ. ಹುಲ್ಲಿನಲ್ಲಿ ಬಿದ್ದರೂ ಕಣ್ಣಿಗೆ ಕಾಣುತ್ತದೆ.

ಚಾಕು ಮೊಂಡಾಗಲು ಬಿಡಬೇಡಿ. ಮೊಂಡು ಚಾಕಿಗೆ ಬಲ ಹೆಚ್ಚು ಹಾಕಬೇಕಾಗುತ್ತದೆ. ಬಲ ಹೆಚ್ಚಿದಾಗ ಕೈ ಜಾರುತ್ತದೆ. ತಿಂಗಳಿಗೆ ಎರಡು ಸಲ ಸಾಣೆಕಲ್ಲಿಗೆ ನೀರು ಹಾಕಿ ಎರಡೂ ಬದಿ ಸಮನಾಗಿ ಮಸೆಯಿರಿ. ಕೊಯ್ಯುವಾಗ ಅಲಗು ಮೈಯಿಂದ ಹೊರಮುಖವಾಗಿರಲಿ. ಗಾಯವಾದರೆ ಮಣ್ಣು, ಸುಣ್ಣ ಮೆತ್ತದೆ ಸೋಪು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಹೋಗಿ.

ಇನ್ನೆರಡು ಮಾತುಗಳನ್ನು ಒತ್ತಿ ಹೇಳಬೇಕು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ಹರಡಲು ಕತ್ತರಿ, ಚಾಕುಗಳೂ ಕಾರಣ. ರೋಗದ ಗಿಡ ಮುಟ್ಟಿದ ಅಲಗನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದದೆ ಮುಂದಿನ ಗಿಡಕ್ಕೆ ಹಚ್ಚಬೇಡಿ. ಸಂಜೆ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಆ ದ್ರಾವಣ ಉಕ್ಕನ್ನು ತಿನ್ನುತ್ತದೆ.

ಇನ್ನೊಂದು, ಕೀಟನಾಶಕದ ಪೊಟ್ಟಣ ಕತ್ತರಿಸಿದ ಚಾಕಿನಿಂದ ಊಟದ ಈರುಳ್ಳಿ, ಮಾವಿನಕಾಯಿ ಹೆಚ್ಚಬಾರದು. ಪೊಟ್ಟಣದ ಮೇಲಿನ ತ್ರಿಕೋನ ಕೆಂಪಿರಲಿ, ಹಸಿರಿರಲಿ, ಒಳಗಿರುವುದು ಹೊಟ್ಟೆಗೆ ಸೇರುವ ವಸ್ತುವಲ್ಲ. ಅದಕ್ಕೆಂದೇ ಹಳೆಯ ಬ್ಲೇಡೊಂದನ್ನೋ ಕತ್ತರಿಯನ್ನೋ ಪಂಪಿನ ಜೊತೆ ಕಟ್ಟಿಡಿ.

ಸಿಂಪರಣೆಗೆ ಬೇಕಾದ ಸಾಮಗ್ರಿಗಳ ಪಟ್ಟಿಯನ್ನು ನಾವು ಅಧಿಕಾರಿಗಳು ಸಭೆಗಳಲ್ಲಿ ಓದಿ ಹೇಳುತ್ತೇವೆ. ಆ ಪಟ್ಟಿಯಲ್ಲಿ ಪೊಟ್ಟಣ ಕತ್ತರಿಸುವ ಸಾಧನವನ್ನು ಸೇರಿಸಲು ನಾನೂ ಇಷ್ಟು ವರ್ಷ ಮರೆತಿದ್ದೆ. ಈಗ ನನ್ನ ಜೇಬಿನಲ್ಲಿ ಒಂದೇ ಅಲಗಿನ ಹಗುರ ಚಾಕಿದೆ, ಚೀಲದಲ್ಲಿ ವಿಷದ ಪೊಟ್ಟಣಕ್ಕೆಂದೇ ಬೇರೆ ಕತ್ತರಿಯಿದೆ. ನಿಮ್ಮೂರಿಗೆ ಬರುವ ಅಧಿಕಾರಿಯ ಜೇಬು, ಚೀಲಗಳನ್ನೂ ಸಂಕೋಚವಿಲ್ಲದೆ ವಿಚಾರಿಸಿ.