ಅಣಬೆಯ ಬೀಜವೂ ಅದರ ಗುರುತೂ

ಮುಂಗಾರಿನ ಮಳೆ ಬಿದ್ದೊಡನೆ, ನಿನ್ನೆ ಬರಿದಾಗಿದ್ದ ಹಿತ್ತಿಲಿನಲ್ಲಿ ಇಂದು ನಾಯಿಕೊಡೆಗಳು ತಲೆಯೆತ್ತಿ ನಿಂತಿರುವುದನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ಬಿತ್ತಿದವರಿಲ್ಲ, ನೆಟ್ಟವರಿಲ್ಲ, ಆದುದರಿಂದಲೇ ಅವು ಗುಡುಗಿನಿಂದ ಹುಟ್ಟುವುವೆಂಬ ಮಾತು ಬಳಕೆಗೆ ಬಂದಿದೆ. ಆದರೆ ಬೀಜವಿಲ್ಲದೆ ಬೆಳೆಯಿಲ್ಲವೆಂಬ ನಿಯಮವು ಇಲ್ಲಿಯೂ ಸುಳ್ಳಾಗಿಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಮಿಕೇಲಿ ಎಂಬ ಸಸ್ಯಶಾಸ್ತ್ರಜ್ಞನು ಬೂಷ್ಟಿನ ಪುಡಿಯನ್ನು ಹಣ್ಣಿನ ಹೋಳುಗಳ ಮೇಲೆ ಬಿತ್ತಿ, ಅದೇ ಜಾತಿಯ ಬೂಷ್ಟು ಮರಳಿ ಬೆಳೆಯುವುದನ್ನು 1729ರ ತನ್ನ ಗ್ರಂಥದಲ್ಲಿ ವಿವರಿಸಿದನು. ಬೂಷ್ಟೂ ಅಣಬೆಯೂ ಒಂದೇ ಶಿಲೀಂಧ್ರವರ್ಗಕ್ಕೆ ಸೇರಿದವು.

ಕೊಡೆಯ ಅಡಿಭಾಗದಲ್ಲಿ ಪುಸ್ತಕದ ಹಾಳೆಗಳಂತೆ ಒತ್ತಾಗಿರುವ ಪದರಗಳೇ ಬೀಜಕಣಗಳ ತವರು. ಒಂದೊಂದು ಕಣವೂ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು, ಇಲ್ಲವೆ ಅದಕ್ಕಿಂತಲೂ ಚಿಕ್ಕದು. ಹುಲ್ಲುಗಾವಲಿನ ಒಂದೇ ಅಣಬೆಯು ಸುಮಾರು 180 ಕೋಟಿ ಕಣಗಳನ್ನು ಉದುರಿಸುವುದೆಂದು ಬುಲ್ಲರ್ ಎಂಬ ವಿದ್ವಾಂಸನು ಲೆಕ್ಕ ಹಾಕಿದ್ದನು. ಗಾಳಿಯಲ್ಲಿ ತೇಲಿಹೋದ ಈ ಕಣಗಳಲ್ಲಿ ಬಹುಪಾಲು ವ್ಯರ್ಥವಾಗುವುವು. ತೇವವೂ ಆಹಾರವೂ ದೊರೆತ ಕೆಲವು ಮಾತ್ರ ಮೊಳೆತು ಎಳೆಗಳಾಗುವುವು. ಸಾಮಾನ್ಯವಾಗಿ ಹೊಂದಿಕೆಯುಳ್ಳ ಎರಡು ಎಳೆಗಳು ಕೂಡಿದ ಬಳಿಕವೇ ನೆಲದೊಳಗೆ ಬಲೆಯಂತೆ ಹಬ್ಬಿ, ಮಳೆ ಬಂದಾಗ ಕೊಡೆಯನ್ನು ಮೇಲಕ್ಕೆ ಕಳುಹುವುವು. ನಾವು ಕಾಣುವ ಅಣಬೆಯು ಆ ಗುಪ್ತ ಜೀವಿಯ ಫಲವಷ್ಟೆ.

ಈ ಕಣಗಳ ಬಣ್ಣವು ಜಾತಿಯನ್ನು ಗುರುತಿಸಲು ನೆರವಾಗುವುದು. ಸ್ವೀಡನ್ನಿನ ಫ್ರೀಸನು 1821ರಲ್ಲಿ ಆರಂಭಿಸಿದ ತನ್ನ ಗ್ರಂಥದಲ್ಲಿ ಈ ಬಣ್ಣವನ್ನೇ ವರ್ಗೀಕರಣಕ್ಕೆ ಆಧಾರಮಾಡಿದನು. ಬಲಿತ ಅಣಬೆಯ ಕಾಂಡವನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪಾದ ಕಾಗದದ ಮೇಲೆ ಕೊಡೆಯನ್ನು ಪದರಗಳು ಕೆಳಗಾಗುವಂತೆ ಇಟ್ಟು, ಬಟ್ಟಲನ್ನು ಕವುಚಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಪುಡಿಯ ಅಚ್ಚು ಮೂಡಿರುವುದು. ಬತ್ತದ ಹುಲ್ಲಿನ ಅಣಬೆಗೆ ನಸುಗೆಂಪು ಅಚ್ಚು. ಅಂಗಡಿಯ ಗುಂಡಿಯಣಬೆಗೆ ಕಡುಕಂದು. ಹುಲ್ಲುಹಾಸಿನಲ್ಲಿ ಬೆಳೆಯುವ ಕ್ಲೋರೊಫಿಲಮ್ ಎಂಬ ವಿಷದಣಬೆಯು ನೋಟಕ್ಕೆ ಸಾಧುವಾಗಿದ್ದರೂ ಅಚ್ಚಿನಲ್ಲಿ ಹಸುರನ್ನು ತೋರಿ, ವಾಂತಿಭೇದಿಗಳನ್ನು ತರುವ ತನ್ನ ಗುಣವನ್ನು ಬಯಲುಮಾಡುವುದು.

ಆದರೆ ಗೃಹಸ್ಥರು ಒಂದು ಮಾತನ್ನು ಮರೆಯಬಾರದು. ಸವಿಯಾದ ಚಿಪ್ಪಣಬೆಯ ಅಚ್ಚೂ ಬಿಳಿ; ಯೂರೋಪಿನಲ್ಲಿ ಅನೇಕರ ಪ್ರಾಣ ತೆಗೆದ ಅಮಾನಿಟ ಫಾಲಾಯ್ಡೀಸ್ ಎಂಬುದರ ಅಚ್ಚೂ ಬಿಳಿ! ಬಣ್ಣವು "ಬೇಡ" ಎಂದು ಹೇಳಬಲ್ಲದು. "ತಿನ್ನಿರಿ" ಎಂದು ಎಂದಿಗೂ ಹೇಳಲಾರದು. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ, ಇಲ್ಲವೆ ಹುಳು ತಿಂದಿದ್ದರೆ ಅಣಬೆಯು ನಿರ್ವಿಷವೆಂಬ ನಂಬಿಕೆಗಳಿಗೂ ಆಧಾರವಿಲ್ಲ. ಅಮಾನಿಟದ ವಿಷವು ಬೇಯಿಸಿದರೂ ಅಳಿಯದು. ಅದರ ಲಕ್ಷಣಗಳು ಆರು ಗಂಟೆಗಳಿಗೂ ಮೀರಿ ತಡವಾಗಿ ತೋರಿ, ನಡುವೆ ಗುಣವಾದಂತೆ ಕಂಡು, ಆಮೇಲೆ ಯಕೃತ್ತು ಕೆಡುವುದು. 2022ರ ಏಪ್ರಿಲ್ ತಿಂಗಳಿನಲ್ಲಿ ಅಸ್ಸಾಮಿನಲ್ಲಿ ಕಾಡಣಬೆಯನ್ನು ತಿಂದು 13 ಮಂದಿ ಮಡಿದರು.

ಆದುದರಿಂದ ಅಚ್ಚು ತೆಗೆಯುವುದನ್ನು ಮಕ್ಕಳಿಗೆ ಪ್ರಕೃತಿಪಾಠವಾಗಿ ತೋರಿಸಿರಿ, ಬಳಿಕ ಕೈತೊಳೆಯಿಸಿರಿ. ಅಡುಗೆಗೆ ಮಾತ್ರ ನಂಬಿಕೆಯುಳ್ಳವರು ಬೆಳೆಸಿದ ಅಣಬೆಯನ್ನೇ ತರಿಸಿರಿ. ಅರಿಯದೆ ಯಾರಾದರೂ ಕಾಡಣಬೆಯನ್ನು ತಿಂದರೆ, ಲಕ್ಷಣಗಳಿಗಾಗಿ ಕಾಯದೆ, ಉಳಿದ ತುಂಡನ್ನು ಜೊತೆಯಲ್ಲಿ ತೆಗೆದುಕೊಂಡು ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.