ಹಣ್ಣಾಗಲೆಂದು ಕಾದ ಕಣ್ಣು

ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನಕ್ಕೆ ಹೋಗಿಬಂದ ಓದುಗ ಬಂಧುಗಳಿಗೆ ಅಲ್ಲಿಯ ಬೆಟ್ಟದ ಮೆಟ್ಟಿಲುಗಳ ಪರಿಚಯವಿದ್ದೇ ಇದೆ. ನಮ್ಮ ಸೋದರತ್ತೆಯವರು ಆ ಊರಿಗೆ ಸೊಸೆಯಾಗಿ ಹೋದವರು. ಆ ಮೆಟ್ಟಿಲುಗಳನ್ನು ಎಷ್ಟು ಸಲ ಹತ್ತಿಳಿದರೆಂಬುದಕ್ಕೆ ಲೆಕ್ಕವಿಲ್ಲ. ಎರಡು ವರ್ಷಗಳ ಹಿಂದೆ ಒಂದು ಮುಂಜಾನೆ ಇಳಿಯುವಾಗ ಎಡಬದಿಯ ಅಂಚು ಕಾಣದೆ ಮುಗ್ಗರಿಸಿದರು. ಪೆಟ್ಟೇನೋ ಹದಿನೈದು ದಿನಗಳಲ್ಲಿ ವಾಸಿಯಾಯಿತು. “ಕಣ್ಣು ತೋರಿಸಬಾರದೇ ಅತ್ತೆ?” ಎಂದು ಕೇಳಿದರೆ, “ಪೊರೆ ಬಂದಿದೆ ಕಣಪ್ಪಾ. ಇನ್ನೂ ಹಣ್ಣಾಗಬೇಕಂತೆ. ಆಮೇಲೆ ತೆಗೆಸಿದರಾಯಿತು” ಎಂದರು. ನಾವೂ ಸುಮ್ಮನಾದೆವು. ಹಾಗೆ ಸುಮ್ಮನಾದದ್ದೇ ಈ ತಿಂಗಳ ಬರಹಕ್ಕೆ ಕಾರಣ.

ಪೊರೆ ಹಣ್ಣಾಗಬೇಕೆಂಬುದು ಬರಿಯ ಮೂಢನಂಬಿಕೆಯಲ್ಲ. ಹಿಂದೆ ವೈದ್ಯರೇ ಹಾಗೆ ಹೇಳುತ್ತಿದ್ದರು. ಹೇಳಲು ಕಾರಣವೂ ಇತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರನ್ನು ನಮ್ಮ ಹಿರಿಯರು ಮರೆತಿರಲಾರರು. 1943ರಿಂದ ಹಳ್ಳಿಹಳ್ಳಿಗೆ ನೇತ್ರ ಶಿಬಿರವನ್ನು ಕೊಂಡೊಯ್ದವರು ಅವರು. ರೋಗಿಗಳನ್ನು ಸಾಲಾಗಿ ಮಲಗಿಸಿ, ಒಬ್ಬರಿಂದ ಇನ್ನೊಬ್ಬರೆಡೆಗೆ ಸಾಗುತ್ತ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮಂದಿಯ ಪೊರೆ ತೆಗೆದದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಅದೇ ವರ್ಷ ಪದ್ಮಭೂಷಣವೂ ಬಂದಿತು. 2005ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ, ಅವರ ಕೈಯಿಂದ ಬೆಳಕು ಕಂಡ ಎಷ್ಟೋ ಮನೆಗಳು ತಮ್ಮವರನ್ನೇ ಕಳೆದುಕೊಂಡಂತೆ ನೊಂದವು. ಕಾಯಕ ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನವನ್ನು ನಾವು ಹುಡುಕುವುದಿಲ್ಲ.

ಆದರೆ ಆ ಕಾಲದ ಚಿಕಿತ್ಸೆಯಲ್ಲಿ ಮಬ್ಬಾದ ಮಸೂರವನ್ನು ತೆಗೆದುಬಿಡುತ್ತಿದ್ದರೇ ಹೊರತು ಅದರ ಜಾಗದಲ್ಲಿ ಮತ್ತೊಂದನ್ನು ಇಡುತ್ತಿರಲಿಲ್ಲ. ಆಮೇಲೆ ಸೀಸೆಯ ತಳದಂತಹ ದಪ್ಪ ಕನ್ನಡಕವೇ ಗತಿ. ಅದರಲ್ಲಿ ವಸ್ತುಗಳು ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಇದ್ದಂತೆ ಕಾಣುತ್ತಿದ್ದವು. ಕೈಗೆತ್ತಿಕೊಳ್ಳಲು ಹೋದ ಲೋಟ ತಪ್ಪಿಹೋಗುತ್ತಿತ್ತು. ಆದ್ದರಿಂದ ದೃಷ್ಟಿ ಪೂರ್ತಿ ಮಂಕಾಗುವವರೆಗೆ ಕಾಯುವುದೇ ಲೇಸೆನಿಸಿತ್ತು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕಣ್ಣೊಳಗೆ ಕೃತಕ ಮಸೂರವನ್ನು ಮೊದಲ ಬಾರಿಗೆ ಇರಿಸಿದರು. ಯುದ್ಧವಿಮಾನಗಳ ಗಾಜಿನಂಥ ಹೊದಿಕೆಯ ಚೂರುಗಳು ಪೈಲಟ್ಟರ ಕಣ್ಣಲ್ಲಿ ಹೊಕ್ಕು ವರ್ಷಗಟ್ಟಲೆ ಉಳಿದರೂ ಕಣ್ಣು ಕೆಡದಿದ್ದುದನ್ನು ಗಮನಿಸಿ ಅವರಿಗೆ ಹೊಳೆದ ಉಪಾಯವಿದು. 1992ರಲ್ಲಿ ಮಧುರೆಯಲ್ಲಿ ಆರೋಲ್ಯಾಬ್ ಆರಂಭವಾಗಿ, ಅಂತಹ ಮಸೂರವು ಬಡವರ ಕೈಗೂ ಎಟಕುವಂತಾಯಿತು. ಅಲ್ಲಿಗೆ ಹಣ್ಣಾಗಲೆಂದು ಕಾಯುವ ಅಗತ್ಯ ತೀರಿತು. ಹಣ್ಣಾದ ಪೊರೆ ಗಟ್ಟಿಯಾಗಿ ಚಿಕಿತ್ಸೆಗೆ ತೊಡಕಾಗುವುದಲ್ಲದೆ, ಕೆಲವೊಮ್ಮೆ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಕಾಲ ಬದಲಾದರೂ ಮಾತು ಮಾತ್ರ ಮನೆಮನೆಯಲ್ಲಿ ಉಳಿದುಕೊಂಡಿತು.

ಅತ್ತೆಯವರನ್ನು ಕೊನೆಗೆ ಒಂದು ತಪಾಸಣಾ ಶಿಬಿರಕ್ಕೆ ಕರೆದೊಯ್ದೆವು. ಅಲ್ಲಿ ಕುಳಿತಿದ್ದ ಯುವತಿಯನ್ನು ಅವರು “ಡಾಕ್ಟರಮ್ಮಾ” ಎಂದು ಕರೆದರೆ, ಆಕೆ ನಕ್ಕು, “ನಾನು ಡಾಕ್ಟರಲ್ಲ ಅಜ್ಜಿ, ಆಪ್ಟೋಮೆಟ್ರಿಸ್ಟ್” ಎಂದಳು. ಆಪ್ಟೋಮೆಟ್ರಿ ಎಂಬುದು ಪಿ.ಯು.ಸಿ. ವಿಜ್ಞಾನದ ಮೇಲೆ ನಾಲ್ಕು ವರ್ಷ ಓದುವ ಪದವಿಯೆಂದೂ, ಅದರಲ್ಲಿ ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲೇ ತರಬೇತಿಯೆಂದೂ ಆಕೆಯಿಂದಲೇ ತಿಳಿಯಿತು. ಇವರು ಶಸ್ತ್ರಚಿಕಿತ್ಸೆ ಮಾಡುವವರಲ್ಲ. ದೃಷ್ಟಿಯನ್ನು ಅಳೆದು, ಕನ್ನಡಕದ ನಂಬರು ಕೊಟ್ಟು, ರೋಗದ ಸುಳಿವು ಸಿಕ್ಕರೆ ನೇತ್ರವೈದ್ಯರ ಬಳಿಗೆ ಕಳಿಸುವವರು. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿದೆ. ಜಾತ್ರೆಯಲ್ಲಿ ಕನ್ನಡಕ ಹರಡಿಕೊಂಡು ಕೂಡುವವನು ಬೇರೆ, ಇವರು ಬೇರೆ. ಅತ್ತೆಯವರು ಅಂಥ ಜಾತ್ರೆಯ ಕನ್ನಡಕವನ್ನೇ ಮೂರು ಸಲ ಬದಲಾಯಿಸಿದ್ದರು. ಒಂದೊಂದರಲ್ಲೂ ಅಕ್ಷರ ಸ್ವಲ್ಪ ದೊಡ್ಡದಾಗಿ ಕಂಡದ್ದೇ ಸಮಾಧಾನವಾಗಿತ್ತು.

ಆಕೆ ಎರಡೂ ಕಣ್ಣುಗಳನ್ನು ಬೇರೆಬೇರೆಯಾಗಿ ಮುಚ್ಚಿಸಿ ಪರೀಕ್ಷಿಸಿದಳು. ಇದನ್ನು ನಾವಾರೂ ಮನೆಯಲ್ಲಿ ಮಾಡಿ ನೋಡಿರಲಿಲ್ಲವಲ್ಲ! ಬಲಗಣ್ಣು ಮುಚ್ಚಿದರೆ ಎದುರಿಗೆ ನಿಂತ ಮೊಮ್ಮಗನೇ ಅತ್ತೆಗೆ ಕಾಣಲಿಲ್ಲ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರಬೇಕು. ಅವರ ಎಡಗಣ್ಣಿನದು 34 ಇತ್ತು. ಶಿವಮೊಗ್ಗದ ನೇತ್ರವೈದ್ಯರು ನೋಡಿ ಗ್ಲಾಕೋಮಾ ಎಂದರು. ಇದು ನೋವಿಲ್ಲದೆ, ಕೆಂಪಾಗದೆ, ಅಂಚುಗಳಿಂದ ಒಳಕ್ಕೆ ದೃಷ್ಟಿಯನ್ನು ತಿನ್ನುತ್ತ ಬರುವ ರೋಗ. ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಔಷಧದಿಂದ ಕಾಪಾಡಬಹುದು. ಬಲಗಣ್ಣಿನ ಪೊರೆ ತೆಗೆದು ಮಸೂರ ಇಟ್ಟ ಮರುದಿನವೇ ಅತ್ತೆ ಗೋಡೆಯ ಗಡಿಯಾರವನ್ನು ಓದಿದರು. ಎಡಗಣ್ಣು ಹೋಯಿತು. ಪೊರೆ ಹಣ್ಣಾಗಲೆಂದು ಮನೆಯವರೆಲ್ಲ ಕಾದು ಕುಳಿತ ವರ್ಷಗಳಲ್ಲಿ ಆ ಕಣ್ಣೊಳಗಿನ ನರ ಸಾಯುತ್ತಿತ್ತು.

ಈ ರೋಗ ವಂಶದಲ್ಲಿ ಹರಿಯುವುದುಂಟು. ನಲವತ್ತು ದಾಟಿದ ಪ್ರತಿಯೊಬ್ಬರೂ, ಅದರಲ್ಲೂ ಒಡಹುಟ್ಟಿದವರಿಗೋ ತಾಯಿತಂದೆಗೋ ಗ್ಲಾಕೋಮಾ ಇದ್ದವರು, ಒತ್ತಡವನ್ನಷ್ಟೇ ಅಲ್ಲ, ಕಣ್ಣಿನ ನರವನ್ನೂ ಪರೀಕ್ಷಿಸಿಕೊಳ್ಳಬೇಕು. ಒತ್ತಡ ಸರಿಯಿದ್ದೂ ನರ ಕೆಡುವ ಉದಾಹರಣೆಗಳಿವೆ. ಸಕ್ಕರೆ ಕಾಯಿಲೆಯವರು ಚೆನ್ನಾಗಿ ಕಾಣುತ್ತಿದೆಯೆಂದು ಕೂಡದೆ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಿಕೊಳ್ಳಬೇಕು. ನಮ್ಮ ಭತ್ತದ ಸೀಮೆಯವರಿಗೆ ಇನ್ನೊಂದು ಮಾತು. ಒಕ್ಕಣೆಯ ಕಾಲದಲ್ಲಿ ಕಣ್ಣಿಗೆ ಹೊಟ್ಟು, ಕಡ್ಡಿ ಬಿದ್ದರೆ ಸ್ವಚ್ಛ ನೀರಿನಿಂದ ತೊಳೆಯಿರಿ. ಸೊಪ್ಪಿನ ರಸ ಹಿಂಡಬೇಡಿ. ಔಷಧದಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ, ಬೂಷ್ಟಿನ ಸೋಂಕು ಬೆಳೆದು ಪಾಪೆಯ ಮೇಲೆ ಬಿಳಿಯ ಹುಣ್ಣು ಉಳಿದೀತು. ಅದೇ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಒತ್ತಡವೂ ಏರೀತು.

ಅತ್ತೆಯವರ ಮಕ್ಕಳು ಮೂವರೂ, ಅವರ ಜೊತೆಗೆ ನಾವೂ, ಕಳೆದ ಯುಗಾದಿಯ ಮರುವಾರ ಪರೀಕ್ಷೆಗೆ ಹೋಗಿದ್ದೆವು. ನಮ್ಮದು ಸರಿಯಾಗಿದೆ, ವರ್ಷಕ್ಕೊಮ್ಮೆ ಬರಲು ಹೇಳಿದ್ದಾರೆ. ಹಿರಿಯ ಮಗನಿಗೆ ಐವತ್ತೆರಡು ವರ್ಷ. ಗದ್ದೆಗೆ, ಪೇಟೆಗೆ ಓಡಾಡುವ ಆಳು, ಏನೊಂದು ತೊಂದರೆಯೂ ತೋರಿರಲಿಲ್ಲ. ಎರಡೂ ಕಣ್ಣುಗಳಲ್ಲಿ ಒತ್ತಡ ಏರಿತ್ತು. ದೃಷ್ಟಿ ಇನ್ನೂ ಕೆಟ್ಟಿಲ್ಲ. ಈಗ ರಾತ್ರಿ ಊಟವಾದ ಮೇಲೆ ತಾಯಿಮಗ ಇಬ್ಬರೂ ಜಗಲಿಯಲ್ಲಿ ತಲೆಯೆತ್ತಿ ಕೂರುತ್ತಾರೆ. ಸೊಸೆ ಬಂದು ಇಬ್ಬರಿಗೂ ಹನಿ ಹಾಕುತ್ತಾಳೆ.